ಛೀಮಾರಿಗೆ ನಸೀಮಾ ಬರೆದ ವಾಕ್ಯ

ಆರು ವರ್ಷದ ಹಿಂದಿನ ಮಾತು. ಆಗ ನಾನು ಕೊಟ್ಟೂರಿನಾಚೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಗೆ ಕ್ಲಾಸ್ ಟೀಚರ್ ಆಗಿದ್ದೆ. ಹಗರಿಬೊಮ್ಮನಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಕನ್ನಡ ನನ್ನ ವಿಷಯ. ನನ್ನ ಬಾಯಿ ಸ್ವಲ್ಪ ಜೋರು. ಸುಳ್ಳು ಯಾಕೆ ಹೇಳಲಿ, ಸ್ವಲ್ಪವಲ್ಲ, ಬಹಳ ಜೋರು. ಮಕ್ಕಳು ನನಗೆ 'ಖಾರದ ಟೀಚರ್' ಎಂದು ಹೆಸರಿಟ್ಟಿದ್ದು ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ, ಯಾಕೆಂದರೆ ಒಳಗೊಳಗೆ ನನಗದು ಇಷ್ಟವಾಗಿತ್ತು.

ದೀಪಾವಳಿ ರಜೆ ಮುಗಿದ ಮೇಲೆ ಪಾಲಕರ ಸಭೆ ಕರೆದಿದ್ದೆವು. ಹಿಂದಿನ ದಿನ ಮಾರ್ಕ್ಸ್ ಕಾರ್ಡುಗಳನ್ನೆಲ್ಲ ನೋಡುತ್ತ ಕೂತಾಗ ನಸೀಮಾಳ ಕಾರ್ಡು ಕೈಗೆ ಬಂತು. ನಸೀಮಾ ಒಳ್ಳೆಯ ಹುಡುಗಿ, ಕನ್ನಡದಲ್ಲಿ ಮುಂದಿದ್ದಳು, ಮಾತು ಕಡಿಮೆ. ಅವಳ ಕಾರ್ಡಿನಲ್ಲಿ ಮೂರು ಪರೀಕ್ಷೆಗೆ ತಂದೆಯ ಮೂರು ಸಹಿ ಇದ್ದವು. ಮೂರೂ ಬೇರೆ ಬೇರೆ. ಮೊದಲನೆಯದರಲ್ಲಿ ಬರೀ 'ಮಾಬು' ಅಂತ ಇತ್ತು, ಅಕ್ಷರಗಳು ಒಂದರ ಮೇಲೊಂದು ಬಿದ್ದಂತೆ. ಎರಡನೆಯದು 'ಮಾಬುಸಾಬ', ಗೆರೆ ಬಿಟ್ಟು ಮೇಲಕ್ಕೆ ಏರಿತ್ತು. ಮೂರನೆಯದರಲ್ಲಿ ಹೆಸರಿಗೆ ಮೊದಲು ಒಂದು ಇನಿಷಿಯಲ್ಲು, ಕೆಳಗೊಂದು ದೊಡ್ಡ ಗೀಟು, ಥೇಟ್ ಸಾಹೇಬರು ಹಾಕಿದ ಹಾಗೆ. ಇದು ಮಗಳದೇ ಕೆಲಸ ಎಂದು ನನಗೆ ಆ ಕ್ಷಣಕ್ಕೆ ಖಾತ್ರಿಯಾಯಿತು. ಹುಡುಗಿಯನ್ನು ಕರೆದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಸಭೆಯಲ್ಲೇ ಹಿಡಿಯಬೇಕು, ಆಗ ಉಳಿದವರಿಗೂ ಬುದ್ಧಿ ಬರುತ್ತದೆ ಎಂದುಕೊಂಡೆ.

ನಸೀಮಾಳ ತಂದೆ ಮಾಬುಸಾಬ ಆ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟವರು. ಸುತ್ತಲಿನ ಹೊಲಗಳ ಪಂಪ್‌ಸೆಟ್ಟು ಸುಟ್ಟರೆ ಮೊದಲು ಬರುವುದು ಅವರ ಹತ್ತಿರವೇ. ಎಲ್ಲರೂ 'ಮೇಸ್ತ್ರಿ' ಎಂದೇ ಕರೆಯುತ್ತಿದ್ದರು. ಸಭೆಗೆ ಬಿಳಿ ಅಂಗಿ ಹಾಕಿಕೊಂಡು, ಕೂದಲಿಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದರು. ಮುಂದಿನ ಬೆಂಚಿನಲ್ಲೇ ಕೂತಿದ್ದರು.

ಅವರ ಸರದಿ ಬಂದಾಗ ನಾನು ಕಾರ್ಡನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದೆ.

"ಮೇಸ್ತ್ರಿ, ಈ ಮೂರು ಸಹಿ ಯಾರು ಮಾಡ್ಯಾರ?"

"ನಾನ ಮಾಡೀನ್ರಿ ಟೀಚರ್."

"ಮೂರೂ ನೀವಽ ಮಾಡಿದ್ರ ಮೂರು ಥರ ಯಾಕ ಅದಾವ್ರಿ? ಒಬ್ಬ ಮನುಷ್ಯಾಗ ಎಷ್ಟು ಸಹಿ ಇರ್ತಾವ?"

ಹಿಂದೆ ಯಾರೋ ನಕ್ಕರು. ನನಗೆ ಇನ್ನಷ್ಟು ಹುರುಪು ಬಂತು. ಪೆನ್ನು ಅವರ ಮುಂದೆ ಚಾಚಿದೆ. "ಹಂಗಾರ ಇಲ್ಲೇ ಒಂದು ಸಹಿ ಮಾಡ್ರಿ, ನೋಡಾಣ."

ಅವರು ಪೆನ್ನು ತೆಗೆದುಕೊಂಡರು. ಕಾಗದದ ಮೇಲೆ ಬಗ್ಗಿದರು. ಪೆನ್ನಿನ ತುದಿ ಕಾಗದಕ್ಕೆ ತಾಗಿ ಒಂದು ಚುಕ್ಕೆ ಮೂಡಿತು, ಅಷ್ಟೇ. ಬಾಗಿಲ ಹತ್ತಿರ ನಿಂತಿದ್ದ ನಸೀಮಾ ಏನೋ ಹೇಳಲು ಒಂದು ಹೆಜ್ಜೆ ಮುಂದೆ ಬಂದಳು. ಮಾಬುಸಾಬ ತಲೆ ಎತ್ತದೆ ಕೈಯಲ್ಲೇ ಬೇಡ ಎಂದು ಸನ್ನೆ ಮಾಡಿದರು. ಪೆನ್ನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು.

ನನಗೋ ಗೆದ್ದಷ್ಟು ಖುಷಿ. ಕುರ್ಚಿಯಲ್ಲಿ ನೆಟ್ಟಗೆ ಕೂತು ಶುರು ಮಾಡಿದೆ. ಮಗಳ ಕೈಯಿಂದ ಸುಳ್ಳು ಸಹಿ ಹಾಕಿಸುವ ತಂದೆ ಮಗಳಿಗೆ ಏನು ಕಲಿಸುತ್ತಾನೆ, ಕಾರ್ಡು ನೋಡುವಷ್ಟೂ ಪುರಸೊತ್ತಿಲ್ಲವೇ, ಇಂಥ ಮನೆಯಿಂದ ಮಕ್ಕಳು ಹೇಗೆ ಮುಂದೆ ಬರಬೇಕು, ಹೀಗೆ. ಐದು ನಿಮಿಷವಾದರೂ ಮಾತಾಡಿರಬೇಕು. ಅವರು ಕೈಕಟ್ಟಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು.

"ಹುಡುಗಿಗೆ ಏನೂ ಅನ್ನಬ್ಯಾಡ್ರಿ. ತಪ್ಪು ನಂದು" ಎಂದಷ್ಟೇ ಹೇಳಿ ಹೊರಟುಹೋದರು.

ಮುಂದಿನ ಪರೀಕ್ಷೆಯ ಕಾರ್ಡು ಮನೆಯಿಂದ ವಾಪಸು ಬಂದಾಗ ಸಹಿಯ ಜಾಗದಲ್ಲಿ ನೀಲಿ ಹೆಬ್ಬೆಟ್ಟಿನ ಗುರುತು ಇತ್ತು. ಸ್ಟಾಫ್‌ರೂಮಿನಲ್ಲಿ ಅದನ್ನು ತೋರಿಸಿ, "ನೋಡ್ರಿ, ಒಂದು ಸಲ ಬಿಸಿ ಮುಟ್ಟಿಸಿದ್ರ ಹೆಂಗ ಸರಿಹೋಗ್ತಾರ!" ಎಂದು ಜಂಬ ಕೊಚ್ಚಿಕೊಂಡೆ. ಆ ಮಾತು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಅದಾಗಿ ಕೆಲವು ದಿನಗಳಿಗೆ ತರಗತಿಯಲ್ಲಿ ಹೊಸ ಪದಗಳ ಪಾಠ ನಡೆಯಿತು. 'ಛೀಮಾರಿ' ಎಂಬ ಪದ ಬಂತು. ಒಬ್ಬ ಹುಡುಗ ಎದ್ದು, "ನಮ್ಮವ್ವ ಎಮ್ಮಿಗೆ ಛೀಮಾರಿ ಹಾಕಿದಳು" ಎಂದು ವಾಕ್ಯ ಮಾಡಿದ. ತರಗತಿಗೆ ತರಗತಿಯೇ ನಕ್ಕಿತು. ನಾನೂ ನಕ್ಕೆ.

"ಲೇ, ಎಮ್ಮಿಗೆ ಬೈತಾರಪ್ಪ, ಛೀಮಾರಿ ಹಾಕಂಗಿಲ್ಲ. ಬೈಯೋದು ಬ್ಯಾರೆ, ಇದು ಬ್ಯಾರೆ. ಛೀಮಾರಿಗೆ ಮೂರು ಬೇಕು. ಬೈಯೋರು ದೊಡ್ಡ ಕುರ್ಚಿ ಮ್ಯಾಲೆ ಇರಬೇಕು. ನಾಕು ಮಂದಿ ಮುಂದ ಬೈಬೇಕು. ಬೈಸಿಕೊಂಡೋರು ತಪ್ಪು ಮಾಡಿರಬೇಕು. ಕೋರ್ಟು ಅಧಿಕಾರಿಗೆ ಛೀಮಾರಿ ಹಾಕಿತು ಅಂತ ಪೇಪರಿನ್ಯಾಗ ಬರ್ತೈತಲ್ಲ, ಹಂಗ" ಎಂದು ವಿವರಿಸಿದೆ. ಕುರ್ಚಿ, ಮಂದಿ, ತಪ್ಪು ಎಂದು ಬೋರ್ಡಿನ ಮೇಲೆ ಬರೆದೂ ತೋರಿಸಿದೆ. ಮಕ್ಕಳು ಬರೆದುಕೊಂಡರು.

ವಾರದ ನಂತರ ಇಟ್ಟ ಕಿರುಪರೀಕ್ಷೆಯಲ್ಲಿ ಆ ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಿ ಎಂದು ಕೇಳಿದ್ದೆ. ಎರಡು ಅಂಕ. ಸಂಜೆ ಮನೆಯಲ್ಲಿ ಚಹಾ ಕುಡಿಯುತ್ತ ತಿದ್ದುತ್ತಿದ್ದೆ. ಹೆಚ್ಚಿನವರು ನಾನು ಹೇಳಿದ ಕೋರ್ಟಿನ ವಾಕ್ಯವನ್ನೇ ಬರೆದಿದ್ದರು. ನಸೀಮಾಳ ಹಾಳೆಯಲ್ಲಿ ಹೀಗಿತ್ತು:

"ನನ್ನ ತಂದೆ ಸಹಿ ಮಾಡುವುದನ್ನು ಕಲಿತದ್ದಕ್ಕೆ ಪಾಲಕರ ಸಭೆಯಲ್ಲಿ ಎಲ್ಲರ ಮುಂದೆ ಅವರಿಗೆ ಛೀಮಾರಿ ಹಾಕಲಾಯಿತು."

ಒಂದು ಸಲ ಓದಿದೆ. ಮತ್ತೊಂದು ಸಲ ಓದಿದೆ. ಯಾರು ಹಾಕಿದರು ಎಂದು ಅವಳು ಬರೆದಿರಲಿಲ್ಲ. ಹಾಗೆ ಕರ್ತೃವನ್ನು ಬಿಟ್ಟು ಬರೆಯುವುದನ್ನು ಅವಳಿಗೆ ಕಲಿಸಿದವಳು ನಾನೇ. ಚಹಾ ಆರಿಹೋಯಿತು. ಅಂದು ಕುರ್ಚಿ ಇತ್ತು, ಮಂದಿ ಇದ್ದರು. ಮೂರನೆಯದು ಎಲ್ಲಿತ್ತು? ಕೆಂಪು ಪೆನ್ನಿನಿಂದ ಎರಡಕ್ಕೆ ಎರಡು ಅಂಕ ಹಾಕಿದೆ.

ಮರುದಿನ ನಸೀಮಾಳನ್ನು ಗ್ರಂಥಾಲಯದ ಕೋಣೆಗೆ ಕರೆದೆ. ಹೆದರಿದ್ದಳು. "ಬೈಯಂಗಿಲ್ಲವ್ವ, ಹೇಳು" ಎಂದೆ. ಉಗುರು ಕಚ್ಚುತ್ತಲೇ ಹೇಳಿದಳು.

"ನಮ್ಮಪ್ಪ ಸಾಲಿಗೆ ಹೋಗಿಲ್ರಿ ಟೀಚರ್. ಜೂನ್‌ನ್ಯಾಗ ನಾನ ಕಲಸಾಕ ಶುರು ಮಾಡಿದ್ನಿ. ಪೆನ್ನು ಹಿಡದ್ರ ಕೈ ತಿರಗವಲ್ದು ಅಂದ. ಆಮ್ಯಾಲೆ ಅಪ್ಪನ ಒಂದು ಉಪಾಯ ಮಾಡಿದ. ನಾನು ದೊಡ್ಡದಾಗಿ ಹೆಸರು ಬರದು ಕೊಡಾದು, ಅದರ ಮ್ಯಾಲೆ ತಾಮ್ರದ ತಂತಿ ಬಗ್ಗಿಸಿ ಅಕ್ಷರ ಮಾಡಾವ. ತಂತಿ ಆದ್ರ ಅಪ್ಪನ ಕೈ ಮಾತು ಕೇಳತೈತ್ರಿ. ಆ ತಂತಿ ಮ್ಯಾಲೆ ಬಟ್ಟು ಆಡಿಸಿ ಆಡಿಸಿ ಕಲಿತ. ಮೊದಲ್ನೇ ಕಾರ್ಡಿಗೆ ಬರೀ ಮಾಬು ಬರ್ತಿತ್ತು. ಆಮ್ಯಾಲೆ ಪೂರ್ತಿ ಬಂತು. ಮೂರನೇದಕ್ಕ ಖುಷಿ ಆಗಿ ಕೆಳಗ ಗೀಟು ಹೊಡದ."

"ಈಗ?"

"ಈಗ ಬರಿಯಂಗಿಲ್ರಿ. ತಂತೀನೂ ಗುಜರಿ ಡಬ್ಬಿಗೆ ಒಗದಾನ."

ನನ್ನವ್ವನೂ ಹೆಬ್ಬೆಟ್ಟಿನವಳೇ. ನಮ್ಮೂರು ಹಂಪಸಾಗರದ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಬರುವಾಗ ಸೆರಗಿನಿಂದ ಮಸಿ ಒರೆಸಿಕೊಳ್ಳುತ್ತಿದ್ದಳು. ಯಾರಾದರೂ ನೋಡಿದರೆ ಕೈಯನ್ನು ಬೆನ್ನ ಹಿಂದೆ ಮಾಡುತ್ತಿದ್ದಳು. ಅವಳ ಹೊಟ್ಟೆಯಲ್ಲಿ ಹುಟ್ಟಿ, ಅವಳು ಕೂಲಿ ಮಾಡಿ ಓದಿಸಿದ್ದರಿಂದ ಟೀಚರ್ ಆದವಳು ನಾನು. ಮೂರು ಸಹಿಗಳನ್ನು ಸಾಲಾಗಿ ನೋಡಿದಾಗ, ಒಬ್ಬ ಮನುಷ್ಯ ಮೆಟ್ಟಿಲು ಹತ್ತುತ್ತಿದ್ದಾನೆ ಎಂದು ನನಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕಿತ್ತು? ಎಂಥ ಕುರುಡು ನನ್ನದು!

ಶಾಲೆ ಬಿಟ್ಟ ಮೇಲೆ ನೇರ ಅವರ ಅಂಗಡಿಗೆ ಹೋದೆ. ಮಾಬುಸಾಬ ಕೈಯಂತ್ರ ತಿರುಗಿಸುತ್ತ ಕಾಯಿಲ್ ಸುತ್ತುತ್ತಿದ್ದರು. ನನ್ನನ್ನು ನೋಡಿದರು. ಒಂದು ಕೈ ಎತ್ತಿ ನಿಲ್ಲಿ ಎಂದು ತೋರಿಸಿ, ಬಾಯಲ್ಲೇ ಸುತ್ತು ಎಣಿಸುತ್ತ ಹೋದರು. ಎಣಿಕೆ ತಪ್ಪಿದರೆ ಇಡೀ ಕಾಯಿಲ್ ಹಾಳು. ನಾನು ಬಿಸಿಲಿನಲ್ಲಿ ಸುಮ್ಮನೆ ನಿಂತೆ. ಎಣಿಕೆ ಮುಗಿದ ಮೇಲೆ ಅವರು ಸ್ಟೂಲನ್ನು ಅಂಗಿಯಿಂದಲೇ ಒರೆಸಿ, "ಬರ್ರಿ ಟೀಚರ್, ಕುಂದರ್ರಿ" ಎಂದರು. ಅವರು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಂದು ದೊಡ್ಡ ತಪ್ಪಾತ್ರಿ ಮೇಸ್ತ್ರಿ. ನಸೀಮಾ ಎಲ್ಲಾ ಹೇಳಿದಳು" ಎಂದೆ.

"ನಿಮ್ಮದೇನ್ರಿ ತಪ್ಪು. ಸಹಿ ಮೂರು ಥರ ಇದ್ದಿದ್ದು ಖರೇನ ಐತಲ್ಲ."

"ಅವತ್ತಽ ಒಂದು ಮಾತು ಹೇಳಬಾರದೇನ್ರಿ?"

ಅವರು ನಕ್ಕರು. "ಏನಂತ ಹೇಳಲಿ? ಅಲ್ಲಿ ಕುಂತಿದ್ದ ಅರ್ಧ ಮಂದಿ ಮೋಟರು ನಾನ ಕಟ್ಟಿಕೊಟ್ಟೀನಿ. ಏನಾರ ಓದೋದು ಬಂದ್ರ, ಚಷ್ಮಾ ಮರ್ತು ಬಂದೀನಿ ಅಂತ ಹೇಳಿ ಅವರ ಕಡಿಂದನ ಓದಿಸಿಕೊಂತಿದ್ದೆ. ಇಷ್ಟು ವರ್ಷ ಹಂಗ ನಡೀತು. ಅವರ ಮುಂದ ಹೆಂಗ ಹೇಳಲ್ರಿ? ನೀವು ಪೆನ್ನು ಕೊಟ್ರಿ. ಎಲ್ಲಾರು ನೋಡಾಕತ್ರು. 'ಮಾ' ಎಲ್ಲಿಂದ ಶುರು ಮಾಡೋದಂತ ಮರ್ತೇಬಿಟ್ಟೆ ನೋಡ್ರಿ."

ನನ್ನ ಕಣ್ಣು ತುಂಬಿ ಬಂತು. ಇನ್ನೊಮ್ಮೆ ಬರೆಯಿರಿ ಎಂದು ಕೇಳಿಕೊಂಡೆ. "ಬಿಡ್ರಿ ಟೀಚರ್. ಈಗ ಪೆನ್ನು ಹಿಡಿಯಾಕ ಮನಸ್ಸ ಬರವಲ್ದು. ಹೆಬ್ಬೆಟ್ಟು ಇದ್ರ ಯಾರೂ ಏನೂ ಕೇಳಂಗಿಲ್ಲ" ಎಂದರು. ಎಲ್ಲರ ಮುಂದೆ ತಪ್ಪೊಪ್ಪಿಕೊಳ್ಳುತ್ತೇನೆ, ವರ್ಷದ ಕೊನೆಯ ಸಭೆಗೆ ಬನ್ನಿ ಎಂದೆ. ಅವರು ಕೈಯಂತ್ರದ ಕಡೆ ತಿರುಗಿದರು. "ನಾನು ಕಲಿಯಾಕತ್ತಿದ್ದೆ ಅಂತ ಮಾತ್ರ ಮಂದಿಗೆ ಹೇಳಬ್ಯಾಡ್ರಿ" ಎಂದು ಕೇಳಿಕೊಂಡರು.

ಕೊನೆಯ ಸಭೆಯ ದಿನ ನಾನು ಬಾಗಿಲನ್ನೇ ನೋಡುತ್ತಿದ್ದೆ. ಎಲ್ಲರೂ ಬಂದು ಕೂತ ಮೇಲೆ ಅವರು ಬಂದರು. ಅಂಗಡಿಯಿಂದ ಹಾಗೇ ಬಂದಿದ್ದರು, ಅಂಗಿಯ ಮೇಲೆ ವಾರ್ನಿಶಿನ ಕಲೆ. ಈ ಸಲ ಹಿಂದಿನ ಬೆಂಚಿನಲ್ಲಿ ಕೂತರು.

ನಾನು ಕುರ್ಚಿ ಬಿಟ್ಟು ಎದ್ದು ನಿಂತೆ. ಇಷ್ಟು ವರ್ಷ ಗುಡುಗಿದ ಬಾಯಿ ಅಂದು ಒಣಗಿಹೋಗಿತ್ತು. "ಹೋದ ಸಭೆಯಲ್ಲಿ ನಿಮ್ಮೆಲ್ಲರ ಮುಂದೆ ಮಾಬುಸಾಬ ಮೇಸ್ತ್ರಿಯವರಿಗೆ ನಾನು ಛೀಮಾರಿ ಹಾಕಿದ್ದೆ. ಆ ಮೂರೂ ಸಹಿ ಅವರದೇ. ಮಗಳು ಮಾಡಿದ್ದಲ್ಲ. ಕೇಳದೆ, ತಿಳಿಯದೆ ಬೈದದ್ದು ನನ್ನ ತಪ್ಪು. ಅವರು ನನ್ನನ್ನು ಕ್ಷಮಿಸಬೇಕು" ಎಂದೆ. ಹೇಳಿ ಕೈ ಮುಗಿದೆ.

ಕಾರ್ಡು ಕೊಡುವಾಗ ಪಾಲಕರು ರಿಜಿಸ್ಟರಿನಲ್ಲಿ ಸಹಿ ಮಾಡುತ್ತ ಸಾಲಾಗಿ ಬಂದರು. ಮಾಬುಸಾಬರ ಸರದಿ ಬಂತು. ನಾನು ಪೆನ್ನು ಚಾಚಲಿಲ್ಲ. ಇಂಕ್ ಪ್ಯಾಡನ್ನೂ ಮುಂದೆ ಮಾಡಲಿಲ್ಲ. ಎರಡೂ ಮೇಜಿನ ಮೇಲೆಯೇ ಇದ್ದವು. ಅವರು ಒಂದು ಕ್ಷಣ ನಿಂತರು. ಜೇಬಿಗೆ ಕೈ ಹಾಕಿ ಏನನ್ನೋ ಹೊರತೆಗೆದು ರಿಜಿಸ್ಟರಿನ ಪಕ್ಕ ಇಟ್ಟರು. ಸೊಟ್ಟಪಟ್ಟಗಾಗಿದ್ದ ತಾಮ್ರದ ತಂತಿ. ಗುಜರಿ ಡಬ್ಬಿಯಿಂದ ಮತ್ತೆ ಮೇಲೆ ಬಂದಿತ್ತು. ಅದರ ಮೇಲೆ ಒಂದು ಸಲ ಬೆರಳಾಡಿಸಿದರು. ಆಮೇಲೆ ಪೆನ್ನು ತೆಗೆದುಕೊಂಡರು.

ಒಂದೊಂದೇ ಅಕ್ಷರ ಬರೆಯತೊಡಗಿದರು. ಹೊತ್ತು ಹಿಡಿಯಿತು. ಸಾಲಿನ ಹಿಂದಿನಿಂದ ಒಬ್ಬ, "ಲಗೂ ಮಾಡೋ ಮೇಸ್ತ್ರಿ, ಬಸ್ ಹೋಗತೈತಿ" ಎಂದ.

ಮಾಬುಸಾಬ ತಲೆ ಎತ್ತದೆಯೇ ಗಟ್ಟಿಯಾಗಿ ಹೇಳಿದರು, "ತಡೀಪಾ. ಹೊಸದಾಗಿ ಕಲಿಯಾಕತ್ತೀನಿ. ಮಗಳು ಕಲಿಸ್ಯಾಳ."

ನಸೀಮಾ ಬಾಗಿಲ ಹತ್ತಿರ ನಿಂತು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಯಾರೂ ಅವಸರ ಮಾಡಲಿಲ್ಲ. ಬಸ್ಸಿನ ಮಾತಾಡಿದವನೂ ಬಗ್ಗಿ ನೋಡುತ್ತ ನಿಂತ. ಕೊನೆಯ ಅಕ್ಷರ ಮುಗಿಸಿ, ಕೆಳಗೆ ಗೀಟು ಎಳೆದು, ಪೆನ್ನನ್ನು ನನ್ನ ಕೈಗೇ ಕೊಟ್ಟರು.

"ಈ ಸಲಾನೂ ಬ್ಯಾರೆ ಥರಾನ ಬಂತ್ರಿ ಟೀಚರ್."

"ಬರಲಿ ಬಿಡ್ರಿ" ಎಂದೆ.

ಈಗ ನಾನು ಹರಪನಹಳ್ಳಿ ಕಡೆಯ ಬೇರೊಂದು ಶಾಲೆಯಲ್ಲಿದ್ದೇನೆ. ಬಾಯಿ ಇನ್ನೂ ಜೋರೇ ಇದೆ, ಹುಟ್ಟುಗುಣ ಎಲ್ಲಿ ಹೋದೀತು. ಆ ಪದದ ಪಾಠ ಪ್ರತಿವರ್ಷ ಬರುತ್ತದೆ. ಕುರ್ಚಿ, ಮಂದಿ, ತಪ್ಪು ಎಂದು ಬೋರ್ಡಿನ ಮೇಲೆ ಈಗಲೂ ಬರೆಯುತ್ತೇನೆ. ಆದರೆ ಬರೆಯುವ ಕ್ರಮ ಬದಲಾಗಿದೆ. ಮೊದಲು 'ತಪ್ಪು' ಎಂದು ಬರೆದು, ಅದು ನಿಜವಾಗಿ ಆಗಿದೆಯೇ ಎಂದು ಬೈಸಿಕೊಳ್ಳುವವರನ್ನೇ ಒಂದು ಮಾತು ಕೇಳಬೇಕು ಮಕ್ಕಳೇ ಎನ್ನುತ್ತೇನೆ. ಯಾಕೆ ಟೀಚರ್ ಎಂದು ಕೇಳುತ್ತಾರೆ. ನಾನು ಸೀಮೆಸುಣ್ಣ ಎತ್ತಿಕೊಂಡು ಆ ಪದದ ಕೆಳಗೆ ಒಂದು ದೊಡ್ಡ ಗೀಟು ಎಳೆಯುತ್ತೇನೆ.