ಹಸಿರು ಗುರುತಿನ ಕ್ಯಾನು

ಮೊನ್ನೆ ಯಸಳೂರಿನ ಗೊಬ್ಬರದ ಅಂಗಡಿಯೊಳಗೆ ಕಾಲಿಟ್ಟಾಗ ಕೀಟನಾಶಕದ ಘಾಟು ಮೂಗಿಗೆ ಬಡಿಯಿತು. ನಮ್ಮ ಕಡೆ ಅದನ್ನು ಯಾರೂ ವಿಷ ಎನ್ನುವುದಿಲ್ಲ, ಔಷಧಿ ಎನ್ನುತ್ತಾರೆ. ಪಕ್ಕದ ಮನೆಯ ದೊಡ್ಡಮ್ಮ ನೆನಪಾದರು...

ಕೊರಳಲ್ಲಿ ಲಿಂಗ ಕಟ್ಟಿದವರು. ಮೊಟ್ಟೆ ಸೋಕಿದ ಬಿಸ್ಕತ್ತೂ ಆಗದು. ಓದು ಬರುತ್ತಿರಲಿಲ್ಲ; ಹಾಗಾಗಿ ಯಾವ ಪೊಟ್ಟಣ ಕೊಟ್ಟರೂ ತಿರುಗಿಸಿ ತಿರುಗಿಸಿ ಸಸ್ಯಾಹಾರದ ಹಸಿರು ಚುಕ್ಕಿ ಹುಡುಕುತ್ತಿದ್ದರು. ಸಿಕ್ಕರೆ, "ಇದು ನಮ್ದು" ಎಂದು ಚೀಲಕ್ಕೆ ಹಾಕುತ್ತಿದ್ದರು.

ಒಂದು ಮಧ್ಯಾಹ್ನ ಅವರ ತೋಟಕ್ಕೆ ಹೋದೆ. ಮೆಣಸಿನ ಬಳ್ಳಿ ಬುಡದಲ್ಲಿ ಕೂತು ಬಿಳಿ ಕ್ಯಾನಿನಿಂದ ನೀರು ಕುಡಿಯಲು ಹೊರಟಿದ್ದರು. ಔಷಧಿ ಖಾಲಿಯಾದ ಕ್ಯಾನು. ಬೂದಿ ಹಾಕಿ ತೊಳೆದು ನೀರು ತುಂಬಿದ್ದರು.

"ದೊಡ್ಡಮ್ಮ, ಅದು ವಿಷದ ಕ್ಯಾನು!"

"ಸುಮ್ನಿರೋ. ಹಸ್ರು ಗುರ್ತು ಐತೆ, ನೋಡು."

ಐತೆ, ನಿಜ. ಚೌಕದೊಳಗೆ ಹಸಿರು ತ್ರಿಕೋನ. ಅದು ವಿಷದ ತೀವ್ರತೆ ತೋರಿಸುವ ಬಣ್ಣ; ಕೆಂಪು, ಹಳದಿ, ನೀಲಿ, ಹಸಿರು ನಾಲ್ಕೂ ವಿಷವೇ, ಹಸಿರಿನದು ಸ್ವಲ್ಪ ಕಡಿಮೆ ಅಷ್ಟೆ ಎಂದು ವಿವರಿಸಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬರುತ್ತಿದ್ದ ಕಾಲ.

"ಬಿಸ್ಕತ್ ಮೇಲೆ ಹಸ್ರು ಹಾಕಿ ತಿನ್ನು ಅಂತಾರೆ, ಕ್ಯಾನ್ ಮೇಲೆ ಹಸ್ರು ಹಾಕಿ ಮುಟ್ಬೇಡ ಅಂತಾರಾ? ಸುಳ್ಳು ಹೇಳ್ತಿರೋನು ನೀನೋ, ಬಣ್ಣ ಬಳ್ದೋನೋ?"

ಸ್ಪರ್ಧೆಯಲ್ಲಿ ಯಾರೂ ನನ್ನನ್ನು ಹೀಗೆ ಕಟ್ಟಿಹಾಕಿರಲಿಲ್ಲ. ಅಕ್ಷರ ಬಾರದವರಿಗೆಂದೇ ಮಾಡಿದ ಗುರುತು. ಅವರಿಗೆ ಗೊತ್ತಿದ್ದ ರೀತಿಯಲ್ಲೇ ಅದನ್ನು ಓದಿದ್ದರು. ತಪ್ಪು ಅವರದ್ದೆನ್ನಲಾಗದು. ಆದರೆ ವಾದ ಸರಿಯಿದ್ದರೆ ಒಳಗಿನ ನೀರು ಶುದ್ಧವಾಗುತ್ತದೆಯೇ? ದೊಡ್ಡಮ್ಮ ಕ್ಯಾನನ್ನು ಮತ್ತೆ ಬಾಯಿಗೆ ಒಯ್ದರು.

"ಹಂಗಾದ್ರೆ ಮೊದ್ಲು ಕರುವಿಗೆ ಕುಡಿಸಿ" ಎಂದೆ.

ಕೈ ಅಲ್ಲೇ ನಿಂತಿತು. ಆಚೆ ಮರಕ್ಕೆ ಕಟ್ಟಿದ್ದ ಕರುವನ್ನೇ ನೋಡಿದರು.

"ಮೂಕಪ್ರಾಣಿ ಕಣೋ ಅದು, ಅದಕ್ಯಾಕೆ..."

ನೀರನ್ನೆಲ್ಲ ಚೆಲ್ಲಿ ಕ್ಯಾನನ್ನು ನನ್ನ ಕೈಗೆ ತುರುಕಿದರು. "ತಗಂಡೋಗು ಲಾಯರ್ರೇ. ಬಾಯಾರೈತೆ, ನಿಮ್ಮನೆಯಿಂದ ಒಂದ್ ಚೊಂಬು ನೀರ್ ತಾ."

ಹೋದ ವರ್ಷ ದೊಡ್ಡಮ್ಮ ತೀರಿಕೊಂಡರು. ವಯಸ್ಸಾಗಿತ್ತು. ಅದಕ್ಕೂ ಔಷಧಿಗೂ ನಂಟು ಹೆಣೆಯಲು ನನ್ನಲ್ಲಿ ಪುರಾವೆಯಿಲ್ಲ, ಹೆಣೆಯುವುದೂ ಇಲ್ಲ.

ಮೊನ್ನೆ ಆ ಅಂಗಡಿಯಲ್ಲಿ ನಿಂತವರಿಗೆ ಹಸಿರು ತ್ರಿಕೋನದ ಅರ್ಥ ಬಿಡಿಸಿ ಹೇಳಿದೆ. "ಸರಿಯಾಗ್ ಹೇಳಿದ್ರಿ ಕಣ್ರೀ" ಎಂದು ಎಲ್ಲರೂ ತಲೆಯಾಡಿಸಿದರು. ಅವರಲ್ಲೇ ಒಬ್ಬರು ಅಂಗಡಿಯವರ ಕಡೆ ತಿರುಗಿ, "ಔಷಧಿ ಖಾಲಿ ಕ್ಯಾನ್ ಇದ್ರೆ ಒಂದ್ ಕೊಡಿ, ತೋಟಕ್ಕೆ ಕುಡಿಯೋ ನೀರ್ ಒಯ್ಯಾಕೆ" ಎಂದರು.

ಜಗಳವಾಡದೆ ಒಪ್ಪಿಬಿಡುವವರ ನಡುವೆ ನಿಂತಾಗ, ದೊಡ್ಡಮ್ಮ ಇನ್ನಿಲ್ಲ ಎಂಬುದು ನಿಜವಾಗಿ ಗೊತ್ತಾಯಿತು.