ಅಣ್ಣನನ್ನು ಕರೆತರಲು ಸಾಮಿಲ್ ಪೇಟೆಗೆ

ಶಿವರಾತ್ರಿ ಕಳೆದ ವಾರ ಒಂದು ಬೆಳಿಗ್ಗೆ ನಾನು ಶೃಂಗೇರಿಯಲ್ಲಿ ಕೊಪ್ಪದ ಬಸ್ಸು ಹತ್ತಿದೆ. ನರಸಿಂಹರಾಜಪುರದ ಕಡೆ, ಭದ್ರೆಯ ದಡದಲ್ಲಿರುವ ಸಾಮಿಲ್ ಪೇಟೆಗೆ ಹೋಗಿ, ನನ್ನ ಅಣ್ಣ ಚೆನ್ನಪ್ಪನನ್ನು ಎರಡು ದಿನದ ಮಟ್ಟಿಗೆ ನಮ್ಮ ಮನೆಗೆ ಕರೆತರುವುದು ನನಗೆ ಒಪ್ಪಿಸಿದ್ದ ಕೆಲಸ. ಒಪ್ಪಿಸಿದವರು ಅತ್ತಿಗೆ ಲಲಿತಮ್ಮ. ಹಿಂದಿನ ದಿನ ಫೋನಿನಲ್ಲಿ ಪಿಸುಗುಟ್ಟಿದ್ದರು. ಅಣ್ಣನಿಗೆ ಕಿವಿ ಕೇಳದು, ಪಿಸುಗುಟ್ಟುವ ಅಗತ್ಯವೇ ಇರಲಿಲ್ಲ.

"ಗುಜರಿಯವ್ರು ನಾಡಿದ್ದು ಬರ್ತಾರಂತೆ ಮಾರಾಯ್ತಿ. ಮಿಲ್ಲಿನ ಮಿಷನ್ ಎಲ್ಲ ಕತ್ತರಿಸಿ ಲಾರಿಗೆ ಹಾಕ್ತಾರೆ. ಅದು ನಿಮ್ಮಣ್ಣನ ಕಣ್ಣೆದುರಿಗೆ ಆಗೋದು ಬೇಡ. ಎಂತಾದ್ರೂ ನೆಪ ಹೇಳಿ ಕರ್ಕೊಂಡು ಹೋಗು."

ಶೃಂಗೇರಿಗೆ ಒಳ್ಳೆಯ ಕಿವಿ ಡಾಕ್ಟರು ಬಂದಿದ್ದಾರೆ ಎಂಬ ನೆಪವನ್ನು ನಾವಿಬ್ಬರೂ ಸೇರಿ ಹೊಸೆದೆವು. ಪೇಟೆಯಲ್ಲಿ ಎಲ್ಲರಿಗೂ ಬಾಯಿ ಬಿಡಬೇಡಿ ಎಂದು ಅತ್ತಿಗೆ ಆಗಲೇ ಹೇಳಿಟ್ಟಿದ್ದರು.

ಕೊಪ್ಪಕ್ಕೆ ಖಾಸಗಿ ಬಸ್ಸಿನಲ್ಲಿ ನಲವತ್ತೈದು ರೂಪಾಯಿ. ಹೆಂಗಸರಿಗೆ ಟಿಕೆಟ್ ಇಲ್ಲದಿರುವುದು ಸರ್ಕಾರಿ ಬಸ್ಸಿನಲ್ಲಿ. ನಮಗೆ ಬೇಕಾದ ಹೊತ್ತಿಗೆ ಅದು ಸಿಕ್ಕರೆ ನಮ್ಮ ಪುಣ್ಯ. ಹರಿಹರಪುರ ದಾಟುವವರೆಗೂ ತುಂಗೆ ಆಗಾಗ ಕಾಣಿಸಿ ಮರೆಯಾಗುತ್ತಿದ್ದಳು. ನೀರು ಇಳಿದು ಬಂಡೆಗಳೆಲ್ಲ ಮೇಲೆದ್ದಿದ್ದವು. ಬಾಳಗಡಿಯ ಕಾಲೇಜಿಗೆ ಹೋಗುವ ಹುಡುಗಿಯರು ಬಸ್ಸಿನ ತುಂಬ ನಗುತ್ತಿದ್ದರು. ನಾನು ಮಾತ್ರ ಸುಳ್ಳು ಹೇಳುವುದನ್ನು ಬಾಯಿಪಾಠ ಮಾಡುತ್ತ ಕೂತಿದ್ದೆ. ಕೊಪ್ಪದಲ್ಲಿ ಬನ್ಸ್ ತಿಂದು, ಚಹಾ ಕುಡಿದು, ಇನ್ನೊಂದು ಬಸ್ಸು ಹಿಡಿದೆ.

"ಸಾಮಿಲ್ಲಿಗೆ ಒಂದು" ಎಂದೆ.

ಕಂಡಕ್ಟರು ಟಿಕೆಟ್ ಹರಿದು ಕೊಡುತ್ತ, "ಮಿಲ್ ನಿಂತು ಎಷ್ಟೋ ವರ್ಷ ಆಯ್ತು ಅಕ್ಕ, ಸ್ಟಾಪ್ ಮಾತ್ರ ನಿಂತಿಲ್ಲ" ಎಂದು ನಕ್ಕರು.

ಸಾಮಿಲ್ ಪೇಟೆ ಎಂದರೆ ಒಂದೇ ಬೀದಿ. ಒಂದು ತುದಿಯಲ್ಲಿ ಹೊಳೆ, ಇನ್ನೊಂದು ತುದಿಯಲ್ಲಿ ಮರ ಸೀಳುವ ಮಿಲ್ಲು, ನಡುವೆ ಕೆಲಸಗಾರರ ಲೈನ್ ಮನೆಗಳು. ಕಾಡಿನಿಂದ ಮರ ಬರುವುದು ನಿಂತ ಮೇಲೆ ಮಿಲ್ಲು ಮುಚ್ಚಿತು, ಜನ ಹೋಗಲಿಲ್ಲ. ಒಂದು ಕಾಲಕ್ಕೆ ಪ್ರತಿ ಮನೆಯಲ್ಲೂ ಮರದ ಹೊಟ್ಟು ತುಂಬಿ ಉರಿಸುವ ಒಲೆ ಇತ್ತು. ಈಗ ಕೆಲವರು ಅದರಲ್ಲಿ ಮಣ್ಣು ತುಂಬಿ ದಾಸವಾಳ ನೆಟ್ಟಿದ್ದಾರೆ.

ಈ ಪೇಟೆಯಲ್ಲಿ ಹೊರಗಿನವರಿಗೆ ವಿಚಿತ್ರವಾಗಿ ಕಾಣುವುದು ಮುದುಕರ ಕೈಗಳು. ಗರಗಸ ಓಡುವಾಗ ಪಕ್ಕದವನ ಮಾತೂ ಕೇಳಿಸುತ್ತಿರಲಿಲ್ಲವಾದ್ದರಿಂದ ಮಿಲ್ಲಿನವರು ಕೈಯಲ್ಲೇ ಮಾತಾಡುತ್ತಿದ್ದರು. ಅಂಗೈಯನ್ನು ಎದೆಯ ಮುಂದೆ ಅಡ್ಡ ಎಳೆದರೆ ಗರಗಸ ನಿಲ್ಲಿಸು. ನೆತ್ತಿಯ ಮೇಲೆ ಮುಷ್ಟಿ ಇಟ್ಟರೆ ಧಣಿ ಬರುತ್ತಿದ್ದಾರೆ. ಅಂಗೈ ಮೇಲೆ ಮಾಡಿ ತಿರುವಿದರೆ ಎಂತ ಸಮಾಚಾರ. ಮಿಲ್ಲು ನಿಂತರೂ ಕೈ ನಿಲ್ಲಲಿಲ್ಲ. ನಾನು ಬಸ್ಸಿಳಿದಾಗ ಇಬ್ಬರು ಮುದುಕರು ರಸ್ತೆಯ ಆಚೆ ಈಚೆ ಕೂತು, ತುಟಿ ಅಲ್ಲಾಡಿಸದೆ ಜಗಳ ಆಡುತ್ತಿದ್ದರು.

ಅಣ್ಣ ಮಿಲ್ಲಿನಲ್ಲೇ ಇದ್ದ. ದೊಡ್ಡ ಗರಗಸ ನಡೆಸುತ್ತಿದ್ದವನು ಅವನೇ. ಗೇಟಿನ ಬೀಗದ ಕೈ ಈಗಲೂ ಅವನ ಸೊಂಟದಲ್ಲಿರುತ್ತದೆ. ದಿನಾ ಹೋಗಿ ಚಕ್ರಗಳಿಗೆ ಎಣ್ಣೆ ಬಿಟ್ಟು, ಬಟ್ಟೆಯಲ್ಲಿ ಒರೆಸಿ ಬರುತ್ತಾನೆ. ಯಾಕೆಂದು ಕೇಳಿದರೆ ತುಕ್ಕು ಹಿಡಿಯುತ್ತದಲ್ಲ ಎನ್ನುತ್ತಾನೆ. ಅಂದು ಅವನು ಎಣ್ಣೆ ಬಿಡುವುದನ್ನು ನೋಡಲಾಗದೆ ನಾನು ಗೇಟಿನ ಹೊರಗೆ ಬಂದು ನಿಂತೆ.

ರಾತ್ರಿ ಊಟಕ್ಕೆ ಕಡುಬು, ಹೊಳೆ ಮೀನಿನ ಸಾರು. ಕಿವಿ ಡಾಕ್ಟರ ವಿಷಯವನ್ನು ನಾನು ಅವನಿಗೆ ತುಟಿ ನೋಡಿ ತಿಳಿಯುವಂತೆ ಬಿಡಿಸಿ, ಕೈ ತೋರಿಸಿ ಹೇಳಿದೆ.

"ಈಗ ಕಿವಿ ತಗೊಂಡು ನಾನೆಂತ ಮಾಡ್ಲಿ?" ಎಂದ ಅಣ್ಣ. ಅವನು ಯಾವ ಮಾತನ್ನೂ ಮೆಲ್ಲಗೆ ಆಡುವವನಲ್ಲ. ತನ್ನ ದನಿ ತನಗೇ ಕೇಳಿಸದ ಮೇಲೆ ಮೆಲ್ಲಗೆ ಎಂಬುದು ಅವನಿಗೆ ಗೊತ್ತಾಗುವುದಾದರೂ ಹೇಗೆ. ಅತ್ತಿಗೆ ಕಣ್ಣಲ್ಲೇ ಗದರಿಸಿದರು. "ಸರಿ, ಹೋಗಿ ಬರಾಣ" ಎಂದು ಇನ್ನೊಂದು ಕಡುಬು ಹಾಕಿಸಿಕೊಂಡ. ಇಷ್ಟು ಸುಲಭವಾಗಿ ಒಪ್ಪಿದನಲ್ಲ ಎಂದು ನನಗೆ ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು.

ಮರುದಿನ ಬೆಳಿಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಅತ್ತಿಗೆ ಬಸ್ ಸ್ಟಾಪಿನವರೆಗೂ ಬರಲಿಲ್ಲ, ಬಾಗಿಲಿಂದಲೇ ಕಳಿಸಿದರು. ಅಣ್ಣ ಕಿಟಕಿಯ ಪಕ್ಕ ಕೂತ. ನಾನು ಎರಡು ಟಿಕೆಟ್ ತೆಗೆದೆ. ಬಸ್ಸು ಮಿಲ್ಲಿನ ಮುಂದೆ ಬಂದಾಗ ಯಾರೋ ಕೈ ಮಾಡಿದರೆಂದು ನಿಂತಿತು. ಗುಜರಿಯವರು ನಾವು ಎಣಿಸಿದ ಹೊತ್ತಿಗಿಂತ ಮೊದಲೇ ಬಂದಿದ್ದರು. ಧಣಿಗಳ ಕಡೆಯವರು ಇನ್ನೊಂದು ಬೀಗದ ಕೈ ಕೊಟ್ಟಿರಬೇಕು, ಗೇಟು ತೆರೆದಿತ್ತು. ಗೇಟಿನಲ್ಲಿ ವರ್ಗೀಸಣ್ಣ ನಿಂತಿದ್ದರು. ಮರದ ಒಂದು ಬದಿಗೆ ಅಣ್ಣ, ಇನ್ನೊಂದು ಬದಿಗೆ ಅವರು, ಹೀಗೇ ಆಯುಷ್ಯ ಕಳೆದವರು.

ಅಣ್ಣ ಕಿಟಕಿಯಿಂದ ಕೈ ಹೊರಗೆ ಹಾಕಿ ಅಂಗೈ ತಿರುವಿದ. ಎಂತ ಸಮಾಚಾರ?

ವರ್ಗೀಸಣ್ಣ ಬಾಯಿ ಬಿಡುವುದಿಲ್ಲವೆಂದು ಅತ್ತಿಗೆಗೆ ಮಾತು ಕೊಟ್ಟಿದ್ದರು. ಬಾಯಿ ಬಿಡಲೂ ಇಲ್ಲ. ಆದರೆ ಅಷ್ಟು ವರ್ಷ ಆ ಕೈ ಕೇಳಿದ್ದಕ್ಕೆ ಈ ಕೈ ಥಟ್ಟನೆ ಉತ್ತರ ಕೊಟ್ಟು ರೂಢಿ. ಅಂಗೈ ಎದೆಯ ಮುಂದೆ ಅಡ್ಡ ಹೋಯಿತು. ಆಮೇಲೆ ಎರಡು ಮುಷ್ಟಿಗಳು ಕೋಲು ಮುರಿದ ಹಾಗೆ ಬೇರೆಯಾದವು: ಗರಗಸ ಮುರಿಯುತ್ತಿದ್ದಾರೆ. ತಾನು ಮಾಡಿದ್ದೇನೆಂದು ತಿಳಿದು ಅವರು ಕೈಗಳನ್ನು ಬೆನ್ನ ಹಿಂದೆ ಅಡಗಿಸುವಷ್ಟರಲ್ಲಿ ಅಣ್ಣ ಎದ್ದಾಗಿತ್ತು.

"ಕಿವಿ ಇನ್ನೊಂದಿನ ತೋರಿಸಾಣ" ಎಂದು ಇಳಿದೇಬಿಟ್ಟ. ನಾನೂ ಚೀಲ ಎಳೆದುಕೊಂಡು ಹಿಂದೆ ಓಡಿದೆ.

ಅಂಗಳದಲ್ಲಿ ಲಾರಿ, ಗ್ಯಾಸ್ ಸಿಲಿಂಡರುಗಳು, ಸುತ್ತಿಗೆ ಹಿಡಿದ ಮೂರ್ನಾಲ್ಕು ಜನ. ಅವರಿಂದ ದೂರದಲ್ಲಿ, ಹಿಂದೆ ಹಲಗೆ ಪೇರಿಸುತ್ತಿದ್ದ ಜಾಗದಲ್ಲಿ, ಒಬ್ಬ ಹೆಂಗಸು ನಿಂತಿದ್ದಳು. ಸೀರೆಯ ಮೇಲೆ ತುಂಬುತೋಳಿನ ಗಂಡಸರ ಅಂಗಿ, ತಲೆಗೆ ಟವೆಲು. ಹತ್ತಿರ ಹೋದಾಗಲೇ ಗುರುತು ಹತ್ತಿದ್ದು, ಅತ್ತಿಗೆ! ಮದುವೆಯಾಗಿ ಬಂದಂದಿನಿಂದ ಮಿಲ್ಲು ಮುಚ್ಚುವವರೆಗೂ ಅವರು ಅಲ್ಲಿ ಹಲಗೆ ಹೊತ್ತಿದ್ದರು, ಹೊಟ್ಟು ತುಂಬಿದ್ದರು. ಅದು ಅವರ ಕೆಲಸದ ಉಡುಪು. ಗಂಡನನ್ನು ಕಳಿಸಿ, ಅದನ್ನು ಹಾಕಿಕೊಂಡು, ಒಬ್ಬರೇ ನೋಡಲು ಬಂದಿದ್ದರು.

ನನ್ನನ್ನು ಕಂಡದ್ದೇ ಅವರಿಗೆ ಸಿಟ್ಟು ನೆತ್ತಿಗೇರಿತು. "ಒಂದು ಕೆಲ್ಸ ಹೇಳಿದ್ರೆ ನಿನ್ ಕೈಲಿ ಅದೂ ಆಗ್ಲಿಲ್ಲ ಅಲ್ವಾ! ಅವ್ರು ನೋಡಿದ್ರೆ ತಡ್ಕೊಳ್ತಾರಾ?"

ಅಣ್ಣ ನೆಟ್ಟಗೆ ಗರಗಸದ ಹತ್ತಿರ ಹೋದ. ಗುಜರಿಯವರು ಪಾಪ, ಸರಿದು ನಿಂತರು. ಅವನು ಚಕ್ರದ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದ. ಅಳುತ್ತಾನೆ ಎಂದುಕೊಂಡೆ, ಅಳಲಿಲ್ಲ. ಅವರ ಕಡೆ ತಿರುಗಿ, ಆಯ್ತು ಎಂಬಂತೆ ತಲೆ ಆಡಿಸಿ, ನಾವು ನಿಂತಲ್ಲಿಗೆ ಬಂದ. ಅತ್ತಿಗೆಯ ಅಂಗಿಯನ್ನು, ಮುಖವನ್ನು ನೋಡಿದ. ಆಮೇಲೆ ಮಾತಾಡಿದ.

"ನಂಗೆ ಕೇಳೋದಿಲ್ಲ ಮಾರಾಯ್ತಿ. ಅವ್ರು ಸುತ್ತಿಗೆ ಹೊಡೀಲಿ, ಕಬ್ಬಿಣ ಕತ್ತರಿಸ್ಲಿ, ನಂಗೆ ಎಂತದೂ ಕೇಳೋದಿಲ್ಲ. ನಾನು ನೋಡೋದು ಅಷ್ಟೆ. ನಿಂಗೆ ಕೇಳ್ತದೆ. ಮನೆ ಬಾಗ್ಲು ಹಾಕ್ಕೊಂಡ್ರೂ ಕೇಳ್ತದೆ. ನಿಂಗೆ ತಡ್ಕೊಳ್ಳೋಕೆ ಆಗಲ್ಲ. ನೀನು ಶೃಂಗೇರಿಗೆ ಹೋಗು, ನಾನಿಲ್ಲಿ ಇರ್ತೀನಿ."

ಹೆಂಡತಿಯ ಕಿವಿಯಲ್ಲಿ ಹೇಳಬೇಕಾದ ಮಾತು ಅದು. ಅಣ್ಣ ಇಡೀ ಪೇಟೆಗೆ ಕೇಳುವಂತೆ ಹೇಳಿದ. ಲೈನ್ ಮನೆಗಳಿಂದ ಜನ ಇಣುಕಿದರು. ಗೇಟಿನಲ್ಲಿದ್ದ ವರ್ಗೀಸಣ್ಣ ತಲೆ ತಗ್ಗಿಸಿದರು. ನಾನು ಅತ್ತುಬಿಟ್ಟೆ. ಅತ್ತಿಗೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಮನೆಗೆ ಹೋದವರು, ಸೀರೆ ಬದಲಾಯಿಸಿ ಕೈಚೀಲ ಹಿಡಿದು ಬಂದರು.

ಮುಂದಿನ ಬಸ್ಸು ಒಂದು ಗಂಟೆ ತಡ. ಅಲ್ಲಿಯವರೆಗೆ ಗುಜರಿಯವರೂ ಸುತ್ತಿಗೆ ಎತ್ತದೆ ಕಾದರು. ಬಸ್ಸು ಹೊರಟಾಗ ಹಿಂದಿನಿಂದ ಸುತ್ತಿಗೆಯ ಮೊದಲ ಪೆಟ್ಟು ಕೇಳಿಸಿತು. ಅತ್ತಿಗೆಯ ಭುಜ ಅದುರಿತು. ಎರಡನೆಯದು, ಮೂರನೆಯದು. ತಿರುವು ದಾಟಿದ ಮೇಲೆ ಇಂಜಿನ್ ಸದ್ದಿನಲ್ಲಿ ಎಲ್ಲ ಅಡಗಿತು.

ಕೊಪ್ಪದ ನಿಲ್ದಾಣದಲ್ಲಿ ಶೃಂಗೇರಿ ಬಸ್ಸಿಗೆ ಕಾಯುತ್ತ ಬೆಂಚಿನಲ್ಲಿ ಕೂತಿದ್ದೆವು. ನಾನು ಕೊಡಿಸಿದ ಚಹಾ ಅವರ ಕೈಯಲ್ಲೇ ಆರುತ್ತಿತ್ತು.

"ಅವ್ರು ಹೇಳಿದ್ದು ಎಲ್ರಿಗೂ ಕೇಳಿಸ್ತಾ?" ಎಂದರು ಇದ್ದಕ್ಕಿದ್ದಂತೆ.

"ಎಲ್ರಿಗೂ ಕೇಳಿಸ್ತು ಅತ್ತಿಗೆ. ಹೊಳೆ ಆಚೆಗೂ ಕೇಳಿರ್ಬೇಕು."

ಅತ್ತಿಗೆ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟರು.

"ಕೇಳ್ಲಿ ಬಿಡು" ಎಂದರು.