ಬಟ್ಟೆ ಕಟ್ಟಿದ ಕೋಲು

ಬಸ್ಸು ಹೊನ್ನಾವರದ ಸೇತುವೆ ಏರುತ್ತಿದ್ದಂತೆ ಕಿಟಕಿಯಿಂದ ಆ ವಾಸನೆ ಬರುತ್ತದೆ. ನೀರು ಇಳಿದ ಹೊಳೆಯ ಕೆಸರಿನ ವಾಸನೆ. ಉಪ್ಪು, ಕೊಳೆತ ಎಲೆ, ಬಾಯಿ ಬಿಟ್ಟ ಬಳಚಿನ ಚಿಪ್ಪು ಎಲ್ಲ ಬೆರೆತದ್ದು. ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮೊದಲು ಹಸಿವಾಗುತ್ತದೆ, ಅದರ ಬೆನ್ನಿಗೇ ಹೆದರಿಕೆ. ಹಸಿವು ಯಾಕೆಂದರೆ ಆ ವಾಸನೆ ಬಂದ ದಿನ ಅವ್ವ ಬಳಚು ಬೇಯಿಸಿ, ಕಾಯಿ ಅರೆದು ಸಾರು ಮಾಡುತ್ತಿದ್ದಳು. ಹೆದರಿಕೆ ಯಾಕೆಂಬುದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಏಳನೆಯ ತರಗತಿಯಷ್ಟೇ ಓದಿದವಳು ನಾನು, ಬರೆದು ರೂಢಿಯಿಲ್ಲ. ಆದರೂ ಬಾಯಲ್ಲಿ ಬಾರದ್ದು ಕೈಯಲ್ಲಾದರೂ ಬಂದೀತೇ ನೋಡುತ್ತೇನೆ.

ಸೇತುವೆ ದಾಟುವ ಮೊದಲು ಬಸ್ಸು ನಮ್ಮ ಅಡುಗೆಮನೆಯ ಮೇಲೆ ಹೋಗುತ್ತದೆ. ಹೆದ್ದಾರಿ ಅಗಲವಾದಾಗ ಮನೆ ಹೋಯಿತು, ಬಾವಿ ಮುಚ್ಚಿತು. ಈಗ ಒಲೆ ಇದ್ದಲ್ಲಿ ಲಾರಿಗಳು ಓಡುತ್ತವೆ. ಆ ಅಡುಗೆಮನೆಯ ಗೋಡೆಯಲ್ಲಿ ನನ್ನ ಅಕ್ಕ ಗಿರಿಜೆ ಬರೆದ ನಕಾಶೆ ಇತ್ತು. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಭಟ್ಕಳದಿಂದ ಕುಮಟೆಯವರೆಗಿನ ಕರಾವಳಿ, ನಡುವೆ ಗೇರುಸೊಪ್ಪದಿಂದ ಇಳಿದುಬರುವ ಹೊಳೆ. ಸಮುದ್ರಕ್ಕೆ ಹಚ್ಚಲು ನೀಲಿ ಸಾಲದೆ ಅರ್ಧ ಬಿಳಿಯಾಗಿಯೇ ಉಳಿದಿತ್ತು. ಮನೆಗೆ ಬಂದವರನ್ನೆಲ್ಲ ಅವಳು ಕೂರಿಸಿಕೊಂಡು ಕೇಳುತ್ತಿದ್ದಳು. ಭಟ್ಕಳದಿಂದ ಬಟ್ಟೆಗಂಟು ಹೊತ್ತು ಬರುತ್ತಿದ್ದ ಮುದುಕ ವ್ಯಾಪಾರಿಯನ್ನು, ನಿಮ್ಮ ಹಿರಿಯರು ಯಾವ ಸಮುದ್ರ ದಾಟಿ ಬಂದರು ಎಂದು ಕೇಳಿದರೆ ಅವರು ನಗುತ್ತಿದ್ದರು. "ಅರಬಸ್ತಾನದಿಂದ ಅಂತಾರೆ ಮಗಳೇ. ನಾನೇನು ಆ ಹಡಗಲ್ಲಿದ್ನಾ?" ಗೇರುಸೊಪ್ಪದ ಕಡೆಯ ಕಾಳುಮೆಣಸು ಇದೇ ಹೊಳೆಯಿಳಿದು ಪರದೇಶದ ಹಡಗು ಹತ್ತುತ್ತಿತ್ತಂತೆ. ಸಾರಿಗೆ ಮೆಣಸು ಕುಟ್ಟುವಾಗ ಅಕ್ಕ ಒಂದು ಕಾಳನ್ನು ಬೆರಳಲ್ಲಿ ಹಿಡಿದು, "ಈ ಕಾಳು ಕಂಡಷ್ಟು ಊರನ್ನೂ ನಾವು ಕಾಣ್ಲಿಲ್ಲ ನೋಡೇ" ಎನ್ನುತ್ತಿದ್ದಳು. ಏಳನೆಯ ತರಗತಿ ಮುಗಿಸಿ ಆ ಜೂನಿನಲ್ಲಿ ಅವಳು ಕುಮಟೆಯ ಸೋದರತ್ತೆಯ ಮನೆಯಲ್ಲಿದ್ದು ಹೈಸ್ಕೂಲಿಗೆ ಹೋಗುವುದೆಂದು ಮಾತಾಗಿತ್ತು. ಅಪ್ಪ ಒಲ್ಲದ ಮನಸ್ಸಿನಿಂದ ಹೂಂ ಎಂದಿದ್ದ.

ಇಳಿತದ ಹೊತ್ತಿಗೆ ಕೇರಿಯ ಹೆಂಗಸರು ಹೊಳೆ ನಡುವಿನ ದಿಬ್ಬಕ್ಕೆ ಬಳಚು ಆರಿಸಲು ಹೋಗುತ್ತಿದ್ದರು. ದಂಡೆಗೂ ದಿಬ್ಬಕ್ಕೂ ನಡುವೆ ಮೊಣಕಾಲು ನೀರಿನ ಕಾಲುವೆಯಂಥ ಜಾಗ. ಭರತದ ನೀರು ಏರುವಾಗ ಮೊದಲು ತುಂಬುವುದೇ ಅದು, ಬಗ್ಗಿ ಕೆಸರು ಕೆದಕುವವರ ಬೆನ್ನ ಹಿಂದೆ. ಅದಕ್ಕೇ ಒಬ್ಬರನ್ನು ದಂಡೆಯಲ್ಲಿ ಬಿಡುವ ಪದ್ಧತಿ. ನೀರಂಚಿಗೆ ಕೋಲು ಊರುವುದು, ಕೋಲಿಗೆ ಕೆಂಪು ಬಟ್ಟೆ ಕಟ್ಟುವುದು, ನೀರು ಬಟ್ಟೆಗೆ ತಾಗಿದ ಕೂಡಲೇ ಕೂ ಹಾಕುವುದು. ಕೂ ಕೇಳಿದರೆ ಬುಟ್ಟಿ ಅರ್ಧವಿದ್ದರೂ ಎಲ್ಲರೂ ಎದ್ದು ಬರಬೇಕು. ಆ ವರ್ಷ ಕೋಲು ಕಾಯುವ ಸರದಿ ಒಂಬತ್ತು ವರ್ಷದ ನನ್ನದು. ನಾನೋ ಹುಟ್ಟಾ ಹೆದರುಪುಕ್ಕಲಿ. ಬಟ್ಟೆ ಇನ್ನೂ ಗೇಣು ಮೇಲಿರುವಾಗಲೇ ಮೂರು ದಿನ ಕೂ ಹಾಕಿ ಎಲ್ಲರನ್ನೂ ಓಡಿಸಿದ್ದೆ. ನೆರೆಮನೆಯ ಹೊನ್ನಮ್ಮಕ್ಕ ಅರ್ಧ ಬುಟ್ಟಿಯನ್ನು ನನ್ನ ಮುಂದೆ ಕುಕ್ಕಿ, "ಕಪ್ಪೆ ಉಚ್ಚೆ ಹೊಯ್ದ್ರೂ ಕೂ ಹಾಕ್ತದೆ ಇದು!" ಎಂದಳು. ಎಲ್ಲರೂ ನಕ್ಕರು. ಅಕ್ಕ ಮಾತ್ರ ನಗಲಿಲ್ಲ. "ಹೆದ್ರೂದೇ ಒಳ್ಳೇದು, ಬಿಡಿ. ನೀರು ಕಾಯೂರು ಹೆದರ್ಬೇಕು" ಎಂದಳು.

ಮರುದಿನ ನೀರು ಬಟ್ಟೆಯ ಹತ್ತಿರ ಬಂತು. ನನಗೆ ಕೂ ಹಾಕಬೇಕೆನಿಸಿತು, ಆದರೆ ಕಿವಿಯಲ್ಲಿ ಆ ನಗು ಇತ್ತು. ನಾನು ಕೋಲು ಕಿತ್ತು ಎರಡು ಹೆಜ್ಜೆ ಮೇಲೆ ಊರಿದೆ. ನೀರು ಅಲ್ಲಿಗೂ ಬಂತು. ಮತ್ತೆ ಕಿತ್ತು ಊರಿದೆ. ಹೊನ್ನಮ್ಮಕ್ಕನೇ ತಲೆಯೆತ್ತಿ ಕಂಡು ಚೀರಿದಳು. ಹೆಂಗಸರು ಎದೆಮಟ್ಟದ ನೀರಿನಲ್ಲಿ ಒಬ್ಬರ ಸೆರಗು ಒಬ್ಬರು ಹಿಡಿದು ದಾಟಿದರು; ಆ ಗಡಿಬಿಡಿಯಲ್ಲಿ ನನ್ನ ಕೂ ಬಂತೋ ಇಲ್ಲವೋ ಯಾರೂ ನೆನಪಿಡಲಿಲ್ಲ. ಅಕ್ಕ ಅವರಲ್ಲಿರಲಿಲ್ಲ. ಅವಳು ದಿಬ್ಬದ ಆಚೆ ತುದಿಯಲ್ಲಿ, ಹಳೆಯ ಹಡಗುಗಳ ಪಿಂಗಾಣಿ ಚೂರುಗಳು ಸಿಗುತ್ತಿದ್ದ ಕಡೆ, ಬಗ್ಗಿ ಹುಡುಕುತ್ತಿದ್ದಳು. ಈಗಲಾದರೂ ಕೂ ಹಾಕಬೇಕೆಂದು ಬಾಯಿ ತೆರೆದೆ. ದನಿ ಬರಲಿಲ್ಲ. ದಿಬ್ಬ ಚಾಪೆಯಷ್ಟಾಯಿತು, ಆಮೇಲೆ ಅದೂ ಕಾಣಲಿಲ್ಲ. ನೀರಿನ ಮೇಲೆ ಅಕ್ಕನ ತಲೆ, ಎತ್ತಿದ ಒಂದು ಕೈ. ಬಲೆ ಬಿಡುತ್ತಿದ್ದ ಕೊಂಕಣಿಯವನೊಬ್ಬ ದೋಣಿ ತಿರುಗಿಸಿ ಅವಳ ಜಡೆ ಹಿಡಿದೆಳೆದ.

ಅಪ್ಪ ಜಗಲಿಯಲ್ಲಿ ನಮ್ಮಿಬ್ಬರನ್ನೂ ನಿಲ್ಲಿಸಿದ. "ನೀ ಕೂಗಿದ್ಯಾ ಇಲ್ವಾ?" ಎಂದು ನನ್ನನ್ನು ಕೇಳಿದ. ಅವನ ಕೈಯಲ್ಲಿ ಅದೇ ಕೋಲು.

"ಕೂಗಿದ್ದೆ. ಅವ್ಳಿಗೇ ಕೇಳ್ಲಿಲ್ಲ" ಎಂದೆ.

ಕೋಲು ಅಕ್ಕನ ಬೆನ್ನಿಗೆ ಬಿತ್ತು. ಅವಳು ಅಳಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಅವಳ ಮುಷ್ಟಿಯಲ್ಲಿ ನೀಲಿ ಗೆರೆಯ ಪಿಂಗಾಣಿ ಚೂರೊಂದಿತ್ತು. "ಕರೆದ್ರೆ ಕೇಳದಿದ್ದವ್ಳನ್ನ ಪರಊರಿಗೆ ಕಳ್ಸೂದೆಂಗೆ? ಶಾಲೆ ಸಾಕು" ಎಂದ ಅಪ್ಪ. ಅವ್ವ ಒಳಗೆ ಬಳಚಿನ ನೀರು ಬಸಿಯುತ್ತಿದ್ದ ಸದ್ದು ನಿಂತಿತು. ಅಕ್ಕ ಕುಮಟೆಗೆ ಹೋದದ್ದು ಮುಂದೆ ಮದುವೆಯಾಗಿ. ಹೋದವಳು ಅಲ್ಲೇ ಹತ್ತಿರದ ಯಾಣದ ಬಂಡೆಗಳನ್ನೂ ನೋಡಲಿಲ್ಲ.

ಅವಳು ಕಾಯಿಲೆ ಬಿದ್ದಾಗ ನಾನಿರುವ ಶಿರಾಲಿಯಿಂದ ಹೋಗಿ ಹದಿನೈದು ದಿನ ಇದ್ದೆ. ಒಂದು ಮಧ್ಯಾಹ್ನ ಗಂಜಿ ಕುಡಿಸುವಾಗ ಕೇಳಿದಳು. "ಆ ದಿವ್ಸ ನೀ ಕೂಗಿದ್ದು ಹೌದನೇ?"

ಅಪ್ಪ ಇಲ್ಲ, ಕೋಲಿಲ್ಲ, ಮನೆಯೇ ಇಲ್ಲ. ಆದರೂ ನಾನು ಹೆದರಿದೆ. "ಹೌದೇ ಅಕ್ಕ" ಎಂದೆ.

"ಹಂಗಾರೆ ನಂಗೇ ಕೇಳ್ಲಿಲ್ಲ. ನಾ ಸುಮ್ನೆ ನಿನ್ಮೇಲೆ ಅನುಮಾನ ಮಾಡ್ದೆ ಇಷ್ಟು ವರ್ಷ" ಎಂದು ನನ್ನ ಕೈ ಸವರಿದಳು. ಆ ವಾರವೇ ಹೋದಳು.

ಈಗ ನಾನು ಅವಳು ನೋಡದ್ದನ್ನೆಲ್ಲ ನೋಡುತ್ತ ತಿರುಗುತ್ತೇನೆ. ಗೇರುಸೊಪ್ಪದ ಕಾಡಿನೊಳಗಿನ ಕಲ್ಲು ಬಸದಿಯಲ್ಲಿ ಕೂತಿದ್ದೇನೆ, ಭಟ್ಕಳದ ಹಳೆಯ ಓಣಿಗಳಲ್ಲಿ ನಡೆದಿದ್ದೇನೆ, ಯಾಣದ ಕರಿ ಬಂಡೆಯ ಸಂದಿಯಲ್ಲಿ ನಿಂತು ಮೇಲೆ ನೋಡಿ ನಡುಗಿದ್ದೇನೆ. ಬಸ್ಸಿನಲ್ಲಿ ಜನ, ಹಡಗು ನಿಲ್ಲುವ ಹೊಸ ಬಂದರು ಬರಬೇಕು, ಬರಬಾರದು ಎಂದು ವಾದಿಸುತ್ತಾರೆ; ಮಳೆಗಾಲದಲ್ಲಾದರೆ ರಸ್ತೆಗಾಗಿ ಕಡಿದ ಗುಡ್ಡಗಳು ಕುಸಿದಾವೇ ಎಂದು ಕಿಟಕಿಯಿಂದ ಮೇಲೆ ನೋಡುತ್ತಾರೆ. ಈ ಗುಡ್ಡಗಳ ಕೆಳಗೆ ಕೋಲು ಕಾಯುವವರು ಯಾರು ಎಂದು ನನಗೆ ದಿಗಿಲಾಗುತ್ತದೆ. ಅಕ್ಕ ಇದ್ದಿದ್ದರೆ ಅವರನ್ನೆಲ್ಲ ಕೂರಿಸಿಕೊಂಡು ಕೇಳುತ್ತಿದ್ದಳು. ನಾನು ಕೇಳುವುದಿಲ್ಲ, ನೋಡುತ್ತೇನೆ ಅಷ್ಟೆ.

ಮೊನ್ನೆ ಸೇತುವೆಯ ಮೇಲೆ ಆ ವಾಸನೆ ಬಂತು. ಕೆಳಗೆ ದಿಬ್ಬ ತೆರೆದುಕೊಂಡಿತ್ತು, ಯಾರೋ ನಾಲ್ಕು ಹೆಂಗಸರು ಬಗ್ಗಿದ್ದರು. ನನಗೆ ತಿಳಿಯದೆಯೇ ಎದ್ದು ನಿಂತು ಬಾಯಿ ತೆರೆದಿದ್ದೆ.

"ಎಂತಾ ಆತು ಅಮ್ಮ? ಇಳೂದಾ?" ಎಂದ ಕಂಡಕ್ಟರ್.

ಇಲ್ಲವೆಂದು ತಲೆಯಾಡಿಸಿ ಕೂತೆ. ಬಸ್ಸು ಸೇತುವೆ ದಾಟಿತು.